ಮೊದಲು ಕೇಳಿ, ಆಮೇಲೆ ಕಟ್ಟಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಬ್ಬಗೋಡಿಯಲ್ಲಿ ವಾಸಿಸುವ ನಮಗೆ 'ಪ್ರಾಜೆಕ್ಟ್' ಎಂಬ ಶಬ್ದ ಹೊಸದಲ್ಲ. ನಮ್ಮ ಒಂದು ಬದಿಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಬದಿಗೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಇದು ಹೊಲಗದ್ದೆಗಳ ಸೀಮೆ. ಈಗ ಬೆಳಗಿನ ಹೊತ್ತು ಇಲ್ಲಿಂದ ಹೊರಡುವ ಬಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಅಕ್ಕನೂ ಕಂಪ್ಯೂಟರ್ ಕಂಪನಿಗೆ ಹೋಗುವ ತಮ್ಮನೂ ಅಕ್ಕಪಕ್ಕ ನಿಂತಿರುತ್ತಾರೆ. ಇಂಥ ಊರಿನ ಮಕ್ಕಳು ಶಿಕ್ಷಕರನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಸರ್, ಯಾವ ಕಂಪ್ಯೂಟರ್ ಭಾಷೆ ಕಲಿತರೆ ಕೆಲಸ ಸಿಗುತ್ತದೆ?"

ಪ್ರಶ್ನೆ ಸರಿಯಾದದ್ದೇ. ಆದರೆ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆಯುವುದಕ್ಕೂ ಮೊದಲು ಒಂದು ಕೆಲಸವಿದೆ. ಯಾರಿಗೆ, ಏನು, ಏಕೆ ಬೇಕು ಎಂದು ಕೇಳಿ ತಿಳಿದು, ಅದನ್ನು ಎಲ್ಲರೂ ಒಪ್ಪುವ ಮಾತಿನಲ್ಲಿ ಬರೆದಿಡುವ ಕೆಲಸ. ಇದನ್ನು 'ರಿಕ್ವೈರ್‌ಮೆಂಟ್' ಸಂಗ್ರಹ ಎನ್ನುತ್ತಾರೆ. ಇದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ ಪ್ರಾಜೆಕ್ಟ್ ಮ್ಯಾನೇಜರ್‌ನದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಸಾಫ್ಟ್‌ವೇರ್ ಬರೆಯುವವನಲ್ಲ. ಆದರೂ ಈ ವಿಷಯದ ಮೇಲೆ ಮಾತನಾಡುವ ಧೈರ್ಯ ಮಾಡಿದ್ದೇನೆ, ಏಕೆಂದರೆ ಇದರ ಮುಕ್ಕಾಲು ಪಾಲು ಕೇಳುವ, ಹೇಳುವ, ಬರೆಯುವ ವಿದ್ಯೆಗೆ ಸೇರಿದ್ದು.

ದರ್ಜಿಯಿಂದ ಕಲಿಯೋಣ

ನಮ್ಮ ಓಣಿಯ ದರ್ಜಿಯನ್ನು ನೆನಪಿಸಿಕೊಳ್ಳಿ. ನೀವು ಬಟ್ಟೆ ಕೊಟ್ಟ ತಕ್ಷಣ ಅವರು ಕತ್ತರಿ ಹಿಡಿಯುವುದಿಲ್ಲ. ಟೇಪು ಹಿಡಿದು ಅಳತೆ ತೆಗೆಯುತ್ತಾರೆ. ಮದುವೆಗೋ ದಿನಬಳಕೆಗೋ ಎಂದು ಕೇಳುತ್ತಾರೆ. ಮಗು ಬೆಳೆಯುವ ವಯಸ್ಸಿನದಾದರೆ ಒಳಗೆ ಮಡಿಕೆ ಬಿಡಬೇಕೇ ಎಂದು ಕೇಳುತ್ತಾರೆ. ಯಾವ ದಿನ ಬೇಕು ಎಂದು ಚೀಟಿಯಲ್ಲಿ ಬರೆದು ಅರ್ಧ ಹರಿದು ನಿಮ್ಮ ಕೈಗೆ ಕೊಡುತ್ತಾರೆ. ಆ ಚೀಟಿಯೇ ಒಂದು ಪುಟ್ಟ ರಿಕ್ವೈರ್‌ಮೆಂಟ್ ದಾಖಲೆ. ಬಟ್ಟೆ ಒಮ್ಮೆ ಕತ್ತರಿಸಿದ ಮೇಲೆ ಅಳತೆ ತಪ್ಪಿತ್ತು ಎಂದು ತಿಳಿದರೆ ಏನು ಪ್ರಯೋಜನ? ಅಳತೆಯ ಹೊತ್ತಿನಲ್ಲಿ ತಪ್ಪು ತಿದ್ದಲು ಒಂದು ನಿಮಿಷ ಸಾಕು. ಹೊಲಿದ ಮೇಲೆ ತಿದ್ದಬೇಕಾದರೆ ಇಡೀ ಬಟ್ಟೆಯೇ ಹೋಗಬಹುದು. ಸಾಫ್ಟ್‌ವೇರ್‌ನಲ್ಲೂ, ಕಟ್ಟಡದಲ್ಲೂ, ಸರ್ಕಾರದ ಯೋಜನೆಯಲ್ಲೂ ಇದೇ ಲೆಕ್ಕ.

ದರ್ಜಿಗೆ ಒಂದು ಅನುಕೂಲವಿದೆ. ಬಟ್ಟೆ ಕೊಡುವವರು, ತೊಡುವವರು, ಹಣ ಕೊಡುವವರು ಹೆಚ್ಚಾಗಿ ಒಂದೇ ಮನೆಯವರು. ದೊಡ್ಡ ಪ್ರಾಜೆಕ್ಟಿನಲ್ಲಿ ಹಾಗಲ್ಲ. ಹಣ ಕೊಡುವವರು ಒಬ್ಬರು, ಆಜ್ಞೆ ಮಾಡುವವರು ಇನ್ನೊಬ್ಬರು, ದಿನವೂ ಬಳಸುವವರು ಮತ್ತೊಬ್ಬರು. ಅದರಿಂದ ಕೆಲಸ ಕಳೆದುಕೊಳ್ಳಬಹುದೆಂದು ಹೆದರುವವರೂ ಇರುತ್ತಾರೆ. ಲಾಭವೋ ನಷ್ಟವೋ ಯಾರಿಗೆ ತಟ್ಟುತ್ತದೆಯೋ ಅವರೆಲ್ಲರನ್ನೂ 'ಸ್ಟೇಕ್‌ಹೋಲ್ಡರ್' ಎನ್ನುತ್ತಾರೆ. ಕನ್ನಡದಲ್ಲಿ ನಾವು ಸರಳವಾಗಿ 'ಸಂಬಂಧಪಟ್ಟವರು' ಎನ್ನೋಣ. ಯಾರು ಯಾರು ಸಂಬಂಧಪಟ್ಟವರು ಎಂಬ ಪಟ್ಟಿ ತಪ್ಪಿದರೆ ಮುಂದಿನದೆಲ್ಲವೂ ತಪ್ಪುತ್ತದೆ. ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಅದು 'ಭೂಮಿ' ಯೋಜನೆ.

ಪಹಣಿಯ ಕಥೆ

ತಮ್ಮಲ್ಲಿ ಜಮೀನಿರುವವರಿಗೆಲ್ಲ ಪಹಣಿ ಗೊತ್ತು. ಜಮೀನು ಯಾರದು, ಎಷ್ಟು, ಯಾರು ಉಳುತ್ತಿದ್ದಾರೆ, ಯಾವ ಬೆಳೆ, ಎಷ್ಟು ಸಾಲ ಎಂದು ಹೇಳುವ ಕಾಗದ. ಬ್ಯಾಂಕ್ ಸಾಲಕ್ಕೂ, ಕೋರ್ಟಿಗೂ ಅದು ಬೇಕು. ಹಿಂದೆ ಈ ದಾಖಲೆಗಳು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಇದ್ದವು. ಒಬ್ಬೊಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಹಳ್ಳಿಗಳು. ಅವರು ಸಿಗುವವರೆಗೆ ಕಾಯಬೇಕು, ಸಿಕ್ಕ ಮೇಲೆ ಕೈ ಬಿಸಿ ಮಾಡಬೇಕು ಎಂಬ ದೂರು ಎಲ್ಲೆಡೆ ಇತ್ತು.

ಇವನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯತ್ನ ನಮ್ಮ ರಾಜ್ಯದಲ್ಲಿ 1991ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೂ ರೈತನಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕಾರಣ ಬಹಳ ಸರಳ. ಜಮೀನು ಮಾರಾಟವಾದಾಗ, ತಂದೆಯಿಂದ ಮಕ್ಕಳಿಗೆ ಹೋದಾಗ ದಾಖಲೆ ತಿದ್ದುವ ಕೆಲಸ ನಡೆಯುವುದು ತಾಲ್ಲೂಕಿನಲ್ಲಿ. ತಾಲ್ಲೂಕಿನಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಆ ಯೋಜನೆಯಲ್ಲಿ ಇರಲಿಲ್ಲ. ಹೀಗಾಗಿ ಕಂಪ್ಯೂಟರಿನೊಳಗಿನ ದಾಖಲೆ ಹಳತಾಗುತ್ತಾ ಹೋಯಿತು, ಜೀವಂತ ದಾಖಲೆ ಲೆಕ್ಕಿಗರ ಪುಸ್ತಕದಲ್ಲೇ ಉಳಿಯಿತು. "ಈ ಕಾಗದ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಬದಲಾಗುತ್ತದೆ?" ಎಂಬ ಒಂದು ಪ್ರಶ್ನೆಯ ಉತ್ತರ ಯೋಜನೆಯೊಳಗೆ ಸೇರಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆಮೇಲೆ ಕಂದಾಯ ಇಲಾಖೆ ಈ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡಿತು. ಅದರ ಮುಂದಾಳತ್ವ ವಹಿಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಈ ಸಲ ಕೆಲಸ ತಾಲ್ಲೂಕಿನಿಂದಲೇ ಆರಂಭವಾಯಿತು. ಅಧಿಕಾರಿಗಳಿಗಾಗಿ ಸಾಲು ಸಾಲು ಕಾರ್ಯಾಗಾರಗಳು ನಡೆದವು. ಕಂಪ್ಯೂಟರಿಗೆ ಹಾಕಿದ ದಾಖಲೆಗಳನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು, ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿ ತಿದ್ದಿಸಲಾಯಿತು. ಯಾರ ಅಧಿಕಾರ ಈ ಯೋಜನೆಯಿಂದ ಕಡಿಮೆಯಾಗಲಿತ್ತೋ ಅವರ ತಿಳಿವಳಿಕೆಯಿಲ್ಲದೆ ಯೋಜನೆ ನಡೆಯುವಂತಿರಲಿಲ್ಲ. ವಿರೋಧಿಸಬಹುದಾದವರನ್ನು ಹೊರಗಿಟ್ಟು ಕಟ್ಟಿದ್ದು ನಿಲ್ಲುವುದಿಲ್ಲ ಎಂಬ ಪಾಠವನ್ನು ಇಲ್ಲಿ ಗಮನಿಸಿ.

ರೈತನ ಮನಸ್ಸಿನಲ್ಲಿದ್ದ ಅನುಮಾನಗಳಿಗೂ ಇಲ್ಲಿ ಉತ್ತರವಿತ್ತು. ಕಿಟಕಿಯಲ್ಲಿ ಎರಡನೇ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿಡಲಾಯಿತು, ಒಳಗೆ ಏನು ನಡೆಯುತ್ತಿದೆ ಎಂದು ಅವನೂ ನೋಡಲಿ ಎಂದು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ ಸಂಖ್ಯೆ ಕೊಟ್ಟು, ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ಸಾಫ್ಟ್‌ವೇರಿನೊಳಗೇ ಹಾಕಲಾಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಆಮೇಲೆ "ನಾನು ತಿದ್ದಿಲ್ಲ" ಎನ್ನುವಂತಿಲ್ಲ. ಪಹಣಿಗೆ ಆಗ 15 ರೂಪಾಯಿ ಶುಲ್ಕವಿತ್ತು. 2002ರ ವೇಳೆಗೆ ಆಗಿದ್ದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದಿದ್ದವು. ಆ ಕಾಲದಲ್ಲಿ ದೇಶ ವಿದೇಶಗಳಲ್ಲಿ ಇದರ ಬಗ್ಗೆ ಚರ್ಚೆಯಾಯಿತು.

ವಿದ್ಯಾರ್ಥಿಗಳೇ, ಎರಡನೇ ಪರದೆಯ ವಿಚಾರವನ್ನು ಮತ್ತೊಮ್ಮೆ ಯೋಚಿಸಿ. "ನನಗೆ ಇನ್ನೊಂದು ಪರದೆ ಬೇಕು" ಎಂದು ರೈತನ ಬಾಯಲ್ಲಿ ಬರುವ ಮಾತಲ್ಲ. ಅವನು ಹೇಳುವುದು "ಒಳಗೆ ಏನು ಮಾಡ್ತಾರೋ ನಮಗೇನು ಗೊತ್ತು" ಎಂದು ಮಾತ್ರ. ಆ ದೂರಿನೊಳಗೆ ಒಂದು ಅಗತ್ಯ ಅಡಗಿದೆ. ಅದನ್ನು ಹೊರತೆಗೆದು ಕಟ್ಟುವವನಿಗೆ ಅರ್ಥವಾಗುವ ಮಾತಿನಲ್ಲಿ ಬರೆಯುವುದೇ ಈ ವಿದ್ಯೆಯ ಸಾರ.

ಪಟ್ಟಿಯಲ್ಲಿ ಉಳಿದುಹೋದವರು

ಹೊಗಳಿಕೆ ಮಾತ್ರ ಹೇಳಿ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ. ಲೆಕ್ಕಿಗರ ಮರ್ಜಿ ಕಾಯುವುದು ತಪ್ಪಿತು ನಿಜ, ಆದರೆ ಪಹಣಿಗಾಗಿ ಈಗ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಯಿತು. ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಸೇರಿದರೆ 15 ರೂಪಾಯಿಯ ಕಾಗದ ದುಬಾರಿಯೇ. ಮುಂದೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು. 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. 'ಹತ್ತಿರದಲ್ಲಿ ಸಿಗಬೇಕು' ಎಂಬ ಅಗತ್ಯ ಹೀಗೆ ಹಂತ ಹಂತವಾಗಿ ಈಡೇರಿತು.

ಇನ್ನೊಂದು ಗಂಭೀರ ಟೀಕೆ ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಬರೆದ ಅಧ್ಯಯನದಲ್ಲಿದೆ. ದಾಖಲೆಯ ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಹೋದಾಗ ಲಂಚವೂ ಮೇಲಕ್ಕೆ ಹೋಯಿತು, ಬೆಂಗಳೂರಿನ ಭೂಮಿಗೆ ಬೆಲೆ ಏರುತ್ತಿದ್ದ ಕಾಲದಲ್ಲಿ ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು ಎಂಬುದು ಅವರ ವಾದ. ಈ ವಾದವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಆನೇಕಲ್ ತಾಲ್ಲೂಕಿನವರಾದ ನಮಗೆ ಅದರ ಹಿಂದಿನ ಪ್ರಶ್ನೆ ಅರ್ಥವಾಗುತ್ತದೆ. ಅರ್ಧ ಎಕರೆ ಇಟ್ಟುಕೊಂಡ ರೈತ ಮತ್ತು ನೂರು ಎಕರೆ ಹುಡುಕುತ್ತಿರುವ ಕಂಪನಿ ಇಬ್ಬರಿಗೂ ಒಂದೇ ಕಂಪ್ಯೂಟರ್ ಪಹಣಿ ಕೊಡುತ್ತದೆ. ಕಾಗದ ಒಂದೇ ಆದರೂ ಅದರಿಂದ ಇಬ್ಬರಿಗೂ ಆಗುವ ಪರಿಣಾಮ ಒಂದೇ ಅಲ್ಲ. 'ಸಂಬಂಧಪಟ್ಟವರು' ಎಂದು ಬರೆಯುವಾಗ 'ರೈತರು' ಎಂದು ಒಂದೇ ಶಬ್ದದಲ್ಲಿ ಮುಗಿಸಬಾರದು ಎಂಬುದಕ್ಕೆ ಇದೇ ಕಾರಣ. ಸಣ್ಣ ಹಿಡುವಳಿಯವರು, ಗೇಣಿಗೆ ಉಳುವವರು, ವಿಧವೆಯರು, ಊರು ಬಿಟ್ಟುಹೋದವರು ಎಂದು ಬಿಡಿಸಿ ಬರೆಯಬೇಕು.

ಭಾಷಾ ಶಿಕ್ಷಕನಾಗಿ ಒಂದು ಚಿಕ್ಕ ಅಂಶವನ್ನೂ ಸೇರಿಸುತ್ತೇನೆ. ನಮ್ಮ ಹೆಸರುಗಳನ್ನೇ ನೋಡಿ. ಶೇಖ್, ಶೇಕ್, ಷೇಕ್. ಸಾಬ್, ಸಾಬಿ, ಸಾಹೇಬ್. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರು ಕನ್ನಡಕ್ಕೆ ಬಂದಾಗ ಮೂರು ರೀತಿಯಾಗುತ್ತದೆ, ಇಂಗ್ಲಿಷಿನಲ್ಲಿ ನಾಲ್ಕನೆಯದಾಗುತ್ತದೆ. ಶಾಲೆಯ ವರ್ಗಾವಣೆ ಪತ್ರ, ಪಡಿತರ ಚೀಟಿ, ಆಧಾರ್, ಪಹಣಿ ಇವುಗಳಲ್ಲಿ ಒಂದೊಂದು ಬಗೆ ಇದ್ದರೆ ವಿದ್ಯಾರ್ಥಿವೇತನದ ಅರ್ಜಿಯೂ ನಿಲ್ಲುತ್ತದೆ, ಆಸ್ತಿಯ ಹಕ್ಕೂ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರಿಗೆ ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ. 'ಒಂದೇ ಹೆಸರಿನ ಬೇರೆ ಬೇರೆ ಬರಹಗಳನ್ನು ಹೊಂದಿಸಿ ನೋಡುವ ಅವಕಾಶ ಇರಬೇಕು' ಎಂಬ ಒಂದು ವಾಕ್ಯ ರಿಕ್ವೈರ್‌ಮೆಂಟ್ ದಾಖಲೆಯಲ್ಲಿ ಸೇರಬೇಕಾದರೆ, ಆ ತೊಂದರೆ ಅನುಭವಿಸಿದವರೊಬ್ಬರು ಕೇಳುವ ಮೇಜಿನ ಈ ಕಡೆಯೋ ಆ ಕಡೆಯೋ ಇರಬೇಕು.

ಹೊರದೇಶದಲ್ಲೂ ಇದೇ ಪಾಠ

ಇದು ನಮ್ಮ ದೇಶದ ಕೊರತೆ ಮಾತ್ರ ಎಂದು ಭಾವಿಸಬೇಡಿ. ಅಮೆರಿಕದ ಡೆನ್ವರ್ ನಗರದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುವಾಗ ಪ್ರಯಾಣಿಕರ ಸಾಮಾನನ್ನು ತಾನಾಗಿ ಸಾಗಿಸುವ ಭಾರಿ ಯಂತ್ರ ವ್ಯವಸ್ಥೆ ಮಾಡಿದರು. ಅದನ್ನು ದಿನವೂ ಬಳಸಬೇಕಾದ ವಿಮಾನ ಕಂಪನಿಗಳನ್ನು ಆರಂಭದ ಮಾತುಕತೆಗೆ ಸರಿಯಾಗಿ ಸೇರಿಸಿಕೊಳ್ಳಲಿಲ್ಲ. ಅವರು ತಡವಾಗಿ ಬಂದು ತಮ್ಮ ಬೇಡಿಕೆ ಹೇಳಿದಾಗ ಬದಲಾವಣೆಯ ಮೇಲೆ ಬದಲಾವಣೆ ಮಾಡಬೇಕಾಯಿತು. ನಿಲ್ದಾಣ 16 ತಿಂಗಳು ತಡವಾಗಿ 1995ರ ಫೆಬ್ರವರಿಯಲ್ಲಿ ತೆರೆಯಿತು. ಆ ಯಂತ್ರ ವ್ಯವಸ್ಥೆ ಸರಿಯಾಗಿ ನಡೆಯದೆ 2005ರಲ್ಲಿ ಪೂರ್ತಿ ಕೈಬಿಡಲಾಯಿತು. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಪಿಎಂಐ, 2008ರಲ್ಲಿ ಹೊರತಂದ ತನ್ನ ಕೈಪಿಡಿಯ ನಾಲ್ಕನೇ ಆವೃತ್ತಿಯಲ್ಲಿ ಅಗತ್ಯಗಳ ಸಂಗ್ರಹವನ್ನು ಒಂದು ಪ್ರತ್ಯೇಕ ಕಾರ್ಯವೆಂದೇ ಹೆಸರಿಟ್ಟು ಸೇರಿಸಿತು.

ಮ್ಯಾನೇಜರ್ ಮಾಡಬೇಕಾದದ್ದು

ಹಾಗಾದರೆ ಪ್ರಾಜೆಕ್ಟ್ ಮ್ಯಾನೇಜರ್ ಏನು ಮಾಡಬೇಕು? ಕಂಪನಿಗಳಲ್ಲಿ ಪ್ರಶ್ನೆ ಕೇಳಿ ಬರೆದುಕೊಳ್ಳಲು 'ಬಿಸಿನೆಸ್ ಅನಲಿಸ್ಟ್' ಎಂಬ ಬೇರೆ ಉದ್ಯೋಗಿ ಇರಬಹುದು. ಆದರೂ ಯಾರನ್ನು ಕೇಳಬೇಕು, ಎಷ್ಟು ದಿನ ಕೊಡಬೇಕು, ಇಬ್ಬರ ಮಾತು ತಾಕಿದಾಗ ಹೇಗೆ ತೀರ್ಮಾನ ಮಾಡಿಸಬೇಕು ಎಂಬುದು ಮ್ಯಾನೇಜರ್‌ನ ಹೊಣೆ. ವಿದ್ಯಾರ್ಥಿಗಳಿಗೆ ನೆನಪಿರಲೆಂದು ಆರು ಮಾತುಗಳಲ್ಲಿ ಹೇಳುತ್ತೇನೆ.

ಒಂದು, ಪಟ್ಟಿ ಮಾಡಿ. ಹಣ ಕೊಡುವವರು, ಬಳಸುವವರು, ನಡೆಸುವವರು, ದುರಸ್ತಿ ಮಾಡುವವರು, ತೊಂದರೆಗೊಳಗಾಗುವವರು. ಪಟ್ಟಿ ಮುಗಿದ ಮೇಲೆ "ಇನ್ನು ಯಾರು ಬಿಟ್ಟುಹೋದರು?" ಎಂದು ಪ್ರತಿಯೊಬ್ಬರನ್ನೂ ಕೇಳಿ.

ಎರಡು, ಸಭೆಯಲ್ಲೂ ಕೇಳಿ, ಒಬ್ಬೊಬ್ಬರನ್ನಾಗಿಯೂ ಕೇಳಿ. ಸಾಹೇಬರ ಮುಂದೆ ಗುಮಾಸ್ತ ಬಾಯಿ ಬಿಡುವುದಿಲ್ಲ. ಮಾವನ ಮುಂದೆ ಸೊಸೆ ಮಾತನಾಡುವುದಿಲ್ಲ. ಸಭೆಯ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಮೂರು, ಹೋಗಿ ನೋಡಿ. ಜನ ಹೇಳುವುದಕ್ಕೂ ಮಾಡುವುದಕ್ಕೂ ವ್ಯತ್ಯಾಸವಿರುತ್ತದೆ. ಕಾರ್ಖಾನೆಯ ಕೆಲಸಗಾರ ಯಂತ್ರದ ಪಕ್ಕ ಸೀಮೆಸುಣ್ಣದಲ್ಲಿ ಬರೆದಿಟ್ಟ ಗುರುತು ಯಾವ ಫೈಲಿನಲ್ಲೂ ಇರುವುದಿಲ್ಲ. ಕೆಲಸ ನಡೆಯುವುದು ಆ ಗುರುತಿನ ಮೇಲೆಯೇ.

ನಾಲ್ಕು, 'ಏಕೆ' ಎಂದು ಕೇಳಿ. ಒಬ್ಬರು "ಹೊಸ ಕಂಪ್ಯೂಟರ್ ಬೇಕು" ಎನ್ನುತ್ತಾರೆ. ಅದು ಪರಿಹಾರ, ಅಗತ್ಯವಲ್ಲ. ಏಕೆ ಎಂದರೆ ತಿಂಗಳ ಲೆಕ್ಕ ತಡವಾಗುತ್ತಿದೆ ಎನ್ನುತ್ತಾರೆ. ಏಕೆ ತಡ ಎಂದರೆ ರಸೀದಿಗಳು ತಿಂಗಳ ಕೊನೆಗೆ ಒಟ್ಟಿಗೆ ಬರುತ್ತವೆ ಎನ್ನುತ್ತಾರೆ. ಆಗ ಬೇಕಾದದ್ದು ಕಂಪ್ಯೂಟರ್ ಅಲ್ಲವೆಂದು ತಿಳಿಯುತ್ತದೆ.

ಐದು, ಅಳೆಯುವಂತೆ ಬರೆಯಿರಿ. 'ಬೇಗ', 'ಸುಲಭ', 'ಚೆನ್ನಾಗಿ' ಎಂಬ ಪದಗಳಿಗೆ ಪ್ರತಿಯೊಬ್ಬರ ಅರ್ಥ ಬೇರೆ. 2025ರ ಆಗಸ್ಟ್‌ನಲ್ಲಿ ನಮ್ಮೂರಿಗೆ ಹಳದಿ ಮಾರ್ಗದ ಮೆಟ್ರೋ ಬಂತು. ಮೊದಲ ದಿನಗಳಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. 'ರೈಲು ಬೇಕು' ಎಂಬುದು ಒಂದು ಅಗತ್ಯವಾದರೆ 'ಎಷ್ಟು ನಿಮಿಷಕ್ಕೊಂದು' ಎಂಬುದು ಇನ್ನೊಂದು ಅಗತ್ಯ ಎಂದು ಆಗ ಪ್ಲಾಟ್‌ಫಾರ್ಮಿನಲ್ಲಿ ನಿಂತ ಎಲ್ಲರಿಗೂ ಅರ್ಥವಾಗಿದೆ.

ಆರು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಅವರ ಭಾಷೆಯಲ್ಲಿ ಓದಿ ಹೇಳಿ. ಎಲ್ಲವನ್ನೂ ಮಾಡಲು ಹಣವೂ ಸಮಯವೂ ಸಾಲದು. ಆದ್ದರಿಂದ ಯಾವುದು ಈಗ, ಯಾವುದು ಆಮೇಲೆ, ಯಾವುದು ಆಗುವುದಿಲ್ಲ ಎಂಬುದನ್ನೂ ಬರೆದು ತಿಳಿಸಿ. ಎಲ್ಲರಿಗೂ 'ಆಗಲಿ' ಎಂದು ತಲೆಯಾಡಿಸುವವನು ಒಳ್ಳೆಯ ಮ್ಯಾನೇಜರ್ ಅಲ್ಲ. 'ಇದು ಆಗುವುದಿಲ್ಲ, ಕಾರಣ ಇದು' ಎಂದು ಮೊದಲ ದಿನವೇ ಹೇಳುವವನನ್ನು ಜನ ಕೊನೆಯ ದಿನ ನಂಬುತ್ತಾರೆ. ನಡುವೆ ಬದಲಾವಣೆ ಬಂದರೆ ಅದನ್ನೂ ಬರೆದು, ಎಷ್ಟು ದಿನ ಎಷ್ಟು ಹಣ ಹೆಚ್ಚಾಗುತ್ತದೆ ಎಂದು ತಿಳಿಸಿ, ಮತ್ತೆ ಒಪ್ಪಿಗೆ ಪಡೆಯಬೇಕು.

ನಮ್ಮ ಕೆಲಸಗಳಲ್ಲಿ

ಸದಸ್ಯರಲ್ಲಿ ಒಂದು ಮಾತು. ಇದು ಕಂಪನಿಗಳಿಗೆ ಮಾತ್ರ ಬೇಕಾದ ವಿದ್ಯೆಯಲ್ಲ. ನಮ್ಮಂಥ ಸಂಘವೊಂದು ಹೆಬ್ಬಗೋಡಿಯಲ್ಲಿ ಸಂಜೆ ಓದುವ ಕೊಠಡಿ ತೆರೆಯಲು ಹೊರಟಿದೆ ಎಂದಿಟ್ಟುಕೊಳ್ಳಿ. ಸಮಿತಿ ಸೇರಿ ಕಟ್ಟಡ, ಮೇಜು, ಕುರ್ಚಿ, ಪುಸ್ತಕ, ಉದ್ಘಾಟನೆಯ ದಿನ ಎಲ್ಲವನ್ನೂ ನಿಶ್ಚಯಿಸುತ್ತದೆ. ಸಮಯ ಸಂಜೆ ಏಳರಿಂದ ಒಂಬತ್ತು. ಮೂರು ತಿಂಗಳಲ್ಲಿ ಕೊಠಡಿ ಖಾಲಿ. ಆಗ ನಾವು ಏನು ಹೇಳುತ್ತೇವೆ? "ನಮ್ಮ ಜನಕ್ಕೆ ಓದಿನಲ್ಲಿ ಆಸಕ್ತಿಯೇ ಇಲ್ಲ."

ಈ ಮಾತು ಬಹಳ ಸುಲಭ, ಬಹಳ ಅನ್ಯಾಯ. ಏಳು ಗಂಟೆಯ ಮೇಲೆ ಮಗಳನ್ನು ಒಬ್ಬಳೇ ಕಳುಹಿಸಲು ಹೆದರುವ ತಾಯಿಯನ್ನು ಯಾರಾದರೂ ಕೇಳಿದರೇ? ಎರಡನೇ ಶಿಫ್ಟಿಗೆ ಹೋಗುವ, ಬೆಳಿಗ್ಗೆ ಮಾತ್ರ ಬಿಡುವಿರುವ ಐಟಿಐ ಹುಡುಗನನ್ನು ಕೇಳಿದರೇ? ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯೇ ಎಂಬುದು ಪಟ್ಟಿಯಲ್ಲಿತ್ತೇ? ಪಿಯುಸಿ ಓದುವ ಹುಡುಗಿಗೆ ಬೇಕಾದದ್ದು ಪುಸ್ತಕವೋ, ಮನೆಯಲ್ಲಿ ಸಿಗದ ಎರಡು ಗಂಟೆಯ ನಿಶ್ಶಬ್ದವೋ, ಅರ್ಜಿ ತುಂಬಲು ಸಹಾಯವೋ? ಕೇಳದೆ ಕಟ್ಟಿ, ಬರದಿದ್ದಾಗ ಅವರನ್ನೇ ದೂರುವುದು ಪ್ರಾಜೆಕ್ಟ್ ಸೋತದ್ದಕ್ಕಿಂತ ದೊಡ್ಡ ನಷ್ಟ. ಏಕೆಂದರೆ ಆ ಹುಡುಗಿ ಓದು ನಿಲ್ಲಿಸಿದಾಗ, ತಪ್ಪು ಅವಳದೇ ಎಂದು ನಾವು ಆಗಲೇ ತೀರ್ಪು ಬರೆದಾಗಿರುತ್ತದೆ. ಮುಂದಿನ ಸಲ ಏನಾದರೂ ಆರಂಭಿಸುವ ಮುನ್ನ ಉದ್ಘಾಟನೆಯ ಕಾರ್ಡಿಗಿಂತ ಮೊದಲು ಮನೆ ಮನೆಗೆ ಹೋಗಿ ಕೇಳುವ ಪ್ರಶ್ನೆಗಳ ಹಾಳೆ ಅಚ್ಚಾಗಲಿ ಎಂದು ನನ್ನ ವಿನಂತಿ. ಹೆಣ್ಣುಮಕ್ಕಳ ಬಳಿಗೆ ಹೆಣ್ಣುಮಕ್ಕಳೇ ಹೋಗಿ ಕೇಳಲಿ.

ವಿದ್ಯಾರ್ಥಿಗಳಿಗೆ

ಪ್ರಿಯ ಮಕ್ಕಳೇ, ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಬಂಡವಾಳವಿದೆ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಗೆಳೆಯರೊಂದಿಗೆ ತಮಿಳು, ತೆಲುಗು, ಹಿಂದಿ. ಹೊಸೂರು ರಸ್ತೆಯ ಮಕ್ಕಳಿಗೆ ಇದು ತಾನಾಗಿ ಬಂದ ವಿದ್ಯೆ. ಇದನ್ನು ಕೀಳಾಗಿ ಎಣಿಸಬೇಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ಕಾರ್ಖಾನೆಯ ಕೆಲಸಗಾರನ ಮಾತನ್ನು ಅವನ ಭಾಷೆಯಲ್ಲಿ ಕೇಳಿ, ಅದನ್ನೇ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಬರೆದು ಇಂಜಿನಿಯರ್ ಮುಂದಿಡಬಲ್ಲವರು ಯಾವ ಸಂಸ್ಥೆಗೂ ಬೇಕು. ಕೋಡ್ ಬರೆಯುವುದನ್ನು ಅಗತ್ಯವಾಗಿ ಕಲಿಯಿರಿ. ಅದರೊಂದಿಗೆ ಸಭೆಯ ನಡಾವಳಿ ಬರೆಯುವುದನ್ನು, ಒಬ್ಬರ ಮಾತನ್ನು ಬದಲಾಯಿಸದೆ ಸಂಕ್ಷೇಪಿಸುವುದನ್ನು, ನಡುವೆ ಬಾಯಿ ಹಾಕದೆ ಕೇಳುವುದನ್ನು ಕಲಿಯಿರಿ.

ಒಂದು ಸಣ್ಣ ಮನೆಗೆಲಸ ಕೊಡುತ್ತೇನೆ. ನಿಮ್ಮ ಶಾಲೆ ಅಥವಾ ಕಾಲೇಜಿನ ಕುಡಿಯುವ ನೀರಿನ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ. ಐದು ಜನರನ್ನು ಕೇಳಿ: ಚಿಕ್ಕ ತರಗತಿಯ ಒಂದು ಮಗು, ಹತ್ತನೇ ತರಗತಿಯ ಒಬ್ಬ ಹುಡುಗಿ, ಬಿಸಿಯೂಟದ ಅಡುಗೆಯವರು, ಟ್ಯಾಂಕ್ ತೊಳೆಯುವವರು, ಮುಖ್ಯೋಪಾಧ್ಯಾಯರು. ಐವರ ಉತ್ತರವನ್ನೂ ಒಂದೇ ಪುಟದಲ್ಲಿ ಬರೆದು ಅವರಿಗೇ ಓದಿ ಹೇಳಿ. ನಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂಬ ಒಂದೇ ವಿಷಯದಲ್ಲಿ ಐವರೂ ಹೇಗೆ ಬೇರೆ ಬೇರೆ ಮಾತನಾಡುತ್ತಾರೆ ಎಂದು ಗಮನಿಸಿ. ಆ ಐದು ಮಾತುಗಳನ್ನು ಒಂದು ಒಪ್ಪಂದಕ್ಕೆ ತರಲು ನಿಮಗೆ ಸಾಧ್ಯವಾದರೆ, ಪ್ರಾಜೆಕ್ಟ್ ಮ್ಯಾನೇಜರ್‌ನ ಮೊದಲ ಪಾಠ ನೀವು ಕಲಿತಂತೆ. ಬರೆದ ಪುಟವನ್ನು ಸಂಘದ ಕಚೇರಿಗೆ ತಂದುಕೊಡಿ, ಕುಳಿತು ಓದೋಣ.